ಗೇರ್ ಬೀಳದ ಯಂತ್ರ: ಕಂಟ್ರೋಲರ್ ಬಿಚ್ಚುವ ಮೊದಲು ವೈರ್ ನೋಡಿ

ಲೋಡರ್ ಮುಂದಕ್ಕೆ ಹೋಗುತ್ತದೆ, ರಿವರ್ಸ್ ಬೀಳುವುದಿಲ್ಲ. ಗ್ರೇಡರ್ ಎರಡನೇ ಗೇರ್‌ನಲ್ಲೇ ಕೂತಿದೆ, ಮೂರಕ್ಕೆ ಏರುವುದಿಲ್ಲ. ಡಂಪರ್ ಬೆಳಿಗ್ಗೆಯೆಲ್ಲ ಚೆನ್ನಾಗಿ ಓಡಿ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ನ್ಯೂಟ್ರಲ್‌ಗೆ ಬಂದುಬಿಡುತ್ತದೆ. ಇಂಥ ಯಂತ್ರದ ಸುತ್ತ ನಾಲ್ಕು ಜನ ಸೇರಿದರೆ, ಅವರಲ್ಲಿ ಒಬ್ಬರಾದರೂ "ಕಂಟ್ರೋಲರ್ ಹೋಗಿದೆ" ಅನ್ನುತ್ತಾರೆ. ಗೇರ್ ಬೀಳಿಸುವ ಆಜ್ಞೆ ಕೊಡುವ ದುಬಾರಿ ಎಲೆಕ್ಟ್ರಾನಿಕ್ ಪೆಟ್ಟಿಗೆ ಅದು, ಒಳಗೆ ಏನಿದೆ ಅಂತ ಕಾಣುವುದಿಲ್ಲ, ಅದಕ್ಕೇ ಅನುಮಾನ ಮೊದಲು ಅದರ ಮೇಲೆ.

ನಾನು ನೋಡಿದ ಮಟ್ಟಿಗೆ ಆ ಪೆಟ್ಟಿಗೆ ಕೆಟ್ಟಿರುವುದು ತೀರ ಅಪರೂಪ. ಸಾಮಾನ್ಯವಾಗಿ ತಪ್ಪು ಸಿಗುವುದು ಒಂದು ಸಡಿಲ ಪಿನ್‌ನಲ್ಲಿ, ತುಕ್ಕು ಹಿಡಿದ ಅರ್ಥ್ ಬೋಲ್ಟ್‌ನಲ್ಲಿ, ಉಜ್ಜಿ ಉಜ್ಜಿ ಸವೆದ ಹಾರ್ನೆಸ್‌ನಲ್ಲಿ (ಒಟ್ಟಿಗೆ ಕಟ್ಟಿದ ವೈರ್‌ಗಳ ಕಂತೆ). ಅದನ್ನು ಹುಡುಕಲು ಒಂದು ಒಳ್ಳೆಯ ಮಲ್ಟಿಮೀಟರ್, ಹೋಲ್ಡರ್ ಸಮೇತ ಒಂದು 24 ವೋಲ್ಟ್ ಬಲ್ಬ್, ಆ ಯಂತ್ರದ್ದೇ ವೈರಿಂಗ್ ಡಯಾಗ್ರಾಂ, ಇಷ್ಟು ಸಾಕು. ಡಯಾಗ್ರಾಂ ಇಲ್ಲದೆ ಕೈ ಹಾಕಬೇಡಿ. ವೈರ್ ನಂಬರ್ ಗೊತ್ತಿಲ್ಲದೆ ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ.

ಮೊದಲು ಯಂತ್ರ ಅಲುಗದಂತೆ ಮಾಡಿ

ಸಮತಟ್ಟಾದ ಜಾಗ, ಪಾರ್ಕಿಂಗ್ ಬ್ರೇಕ್, ಚಕ್ರಗಳಿಗೆ ಅಡ್ಡಗಟ್ಟೆ, ಬಕೆಟ್ ನೆಲಕ್ಕೆ. ಮಧ್ಯೆ ಬಾಗುವ ಯಂತ್ರವಾದರೆ ಕೀಲಿನ ಲಾಕ್ ಬಾರ್ ಹಾಕಿ. ಕೀ ನಿಮ್ಮ ಜೇಬಿನಲ್ಲೇ ಇರಲಿ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಿಂದ ವೈರ್ ಎಳೆದು ಸೊಲೆನಾಯ್ಡ್‌ಗೆ (ಕರೆಂಟ್ ಕೊಟ್ಟಾಗ ಆಯಿಲ್ ದಾರಿ ತೆರೆಯುವ ಕಾಯಿಲ್) ಕರೆಂಟ್ ಕೊಟ್ಟು "ಟೆಸ್ಟ್" ಮಾಡುವ ಅಭ್ಯಾಸ ಕೆಲವರಿಗಿದೆ. ಆ ಕ್ಷಣ ಕ್ಲಚ್ ಹಿಡಿಯುತ್ತದೆ, ಯಂತ್ರ ಹೊರಡುತ್ತದೆ, ನೀವು ಚಕ್ರದ ಪಕ್ಕದಲ್ಲಿರುತ್ತೀರಿ. ಈ ಕೆಲಸ ಯಾವತ್ತೂ ಬೇಡ.

ಯಾವ ಗೇರ್ ಬೀಳುತ್ತಿಲ್ಲ ಅನ್ನುವುದರಲ್ಲೇ ಅರ್ಧ ಉತ್ತರ ಇದೆ

ಪವರ್‌ಶಿಫ್ಟ್ ಟ್ರಾನ್ಸ್‌ಮಿಷನ್‌ನಲ್ಲಿ ನೀವು ಲಿವರ್ ತಳ್ಳಿದಾಗ ಅದು ಗೇರನ್ನು ನೇರವಾಗಿ ಮುಟ್ಟುವುದಿಲ್ಲ. ಲಿವರ್ ಕಂಟ್ರೋಲರ್‌ಗೆ ಒಂದು ಸಿಗ್ನಲ್ ಕಳಿಸುತ್ತದೆ. ಕಂಟ್ರೋಲರ್ ವೇಗದ ಸೆನ್ಸರ್, ಆಯಿಲ್ ಬಿಸಿ, ಪಾರ್ಕಿಂಗ್ ಬ್ರೇಕ್ ಸ್ವಿಚ್ ಎಲ್ಲ ನೋಡಿ, ಸರಿ ಅನಿಸಿದರೆ ಸೊಲೆನಾಯ್ಡ್‌ಗೆ ಕರೆಂಟ್ ಕೊಡುತ್ತದೆ. ಸೊಲೆನಾಯ್ಡ್ ಆಯಿಲ್ ದಾರಿ ತೆರೆಯುತ್ತದೆ, ಆಯಿಲ್ ಒತ್ತಡ ಕ್ಲಚ್ ಪ್ಲೇಟ್‌ಗಳನ್ನು ಒತ್ತಿ ಹಿಡಿಯುತ್ತದೆ.

ಬಹಳಷ್ಟು ಯಂತ್ರಗಳಲ್ಲಿ ಒಂದು ಗೇರ್‌ಗೆ ಎರಡು ಕ್ಲಚ್ ಬೇಕು. ಒಂದು ದಿಕ್ಕಿಗೆ, ಇನ್ನೊಂದು ವೇಗಕ್ಕೆ. ಈ ಒಂದು ವಿಷಯ ಗೊತ್ತಿದ್ದರೆ ಮೀಟರ್ ಹೊರತೆಗೆಯುವ ಮೊದಲೇ ಹುಡುಕುವ ಜಾಗ ಚಿಕ್ಕದಾಗುತ್ತದೆ. ಮುಂದಕ್ಕೆ ಎಲ್ಲ ಗೇರ್ ಸರಿ, ಹಿಂದಕ್ಕೆ ಒಂದೂ ಇಲ್ಲ ಅಂದರೆ ರಿವರ್ಸ್ ಕ್ಲಚ್‌ನ ಸೊಲೆನಾಯ್ಡ್, ಅದರ ವೈರ್, ಅಥವಾ ಲಿವರ್‌ನ ರಿವರ್ಸ್ ಸಿಗ್ನಲ್ ನೋಡಿ. ಮುಂದಕ್ಕೂ ಹಿಂದಕ್ಕೂ ಎರಡನೇ ಗೇರ್ ಮಾತ್ರ ಇಲ್ಲ ಅಂದರೆ ಎರಡನೇ ವೇಗದ ಸಾಲು ನೋಡಿ. ಯಾವ ಗೇರೂ ಬೀಳುತ್ತಿಲ್ಲ ಅಂದರೆ ಎಲ್ಲ ಸೊಲೆನಾಯ್ಡ್‌ಗಳೂ ಒಟ್ಟಿಗೆ ಕೆಟ್ಟಿರುವುದಿಲ್ಲ. ಎಲ್ಲಕ್ಕೂ ಸೇರಿದ ವಸ್ತುಗಳನ್ನು ನೋಡಬೇಕು: ಫ್ಯೂಸ್, ರಿಲೇ, ಅರ್ಥ್, ಪಾರ್ಕಿಂಗ್ ಬ್ರೇಕ್ ಸ್ವಿಚ್, ಲಿವರ್, ಕಂಟ್ರೋಲರ್‌ಗೆ ಬರುವ ಸಪ್ಲೈ. ಯಾವ ಗೇರ್‌ಗೆ ಯಾವ ಸೊಲೆನಾಯ್ಡ್ ಅನ್ನುವ ಪಟ್ಟಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅದರ ಒಂದು ಪ್ರತಿ ಕೈಯಲ್ಲಿರಲಿ.

ಪಾರ್ಕಿಂಗ್ ಬ್ರೇಕ್ ಸ್ವಿಚ್ ಬಗ್ಗೆ ಒಂದು ಮಾತು. ಬ್ರೇಕ್ ಹಾಕಿದ್ದಾಗ ಅನೇಕ ಯಂತ್ರಗಳು ಗೇರ್ ಕೊಡುವುದೇ ಇಲ್ಲ. ಬ್ರೇಕ್ ಬಿಟ್ಟಿದ್ದರೂ ಸ್ವಿಚ್ ಸಿಕ್ಕಿಕೊಂಡು "ಹಾಕಿದೆ" ಅಂತ ಹೇಳುತ್ತಿದ್ದರೆ, ಟ್ರಾನ್ಸ್‌ಮಿಷನ್ ಪೂರ್ತಿ ಸರಿಯಿದ್ದೂ ಯಂತ್ರ ಕದಲುವುದಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಬ್ರೇಕ್ ದೀಪ ಆರಿದೆಯಾ ನೋಡಲು ಎರಡು ಸೆಕೆಂಡ್ ಸಾಕು. ಆದರೂ ಇದನ್ನು ಮರೆತು ವಾಲ್ವ್ ಬಿಚ್ಚಿದವರನ್ನು ನಾನು ನೋಡಿದ್ದೇನೆ.

ಆಯಿಲ್ ಮಟ್ಟ, ಫಿಲ್ಟರ್, ಕ್ಲಚ್ ಒತ್ತಡ, ಇವನ್ನೂ ಈಗಲೇ ನೋಡಿಬಿಡಿ. ಒತ್ತಡವೇ ಇಲ್ಲದಿದ್ದರೆ ವೈರ್ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ.

ಆಪರೇಟರ್ ಜೊತೆ ಹತ್ತು ನಿಮಿಷ

ದಿನವಿಡೀ ಸೀಟಿನಲ್ಲಿ ಕೂತವರಿಗೆ ಗೊತ್ತಿರುವಷ್ಟು ಯಾವ ಸ್ಕ್ಯಾನರ್‌ಗೂ ಗೊತ್ತಿರುವುದಿಲ್ಲ. ಯಾವಾಗ ಶುರುವಾಯಿತು? ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ? ಗುಂಡಿ ಬಿದ್ದಾಗಲಾ? ಸ್ಟೀರಿಂಗ್ ತಿರುಗಿಸಿದಾಗಲಾ? ಯಂತ್ರ ತೊಳೆದ ಮಾರನೇ ದಿನವಾ? ಇತ್ತೀಚೆಗೆ ಯಾರಾದರೂ ವೆಲ್ಡಿಂಗ್ ಮಾಡಿದರಾ, ರೇಡಿಯೋ ಅಥವಾ ಹೆಚ್ಚುವರಿ ಲೈಟ್ ಹಾಕಿದರಾ? ಹೈ ಪ್ರೆಶರ್ ನೀರು ಕನೆಕ್ಟರ್ ಒಳಗೆ ಹೋಗಿದ್ದರೆ ತೊಂದರೆ ಒಂದೆರಡು ದಿನ ಬಿಟ್ಟೂ ಕಾಣಿಸಿಕೊಳ್ಳಬಹುದು. ಲೈಟ್ ಹಾಕಿದವರು ಕಂಟ್ರೋಲರ್‌ನ ಸಪ್ಲೈ ವೈರ್‌ನಿಂದಲೇ ಕರೆಂಟ್ ಕದ್ದಿರಬಹುದು. ಉತ್ತರಗಳನ್ನು ಬರೆದಿಟ್ಟುಕೊಳ್ಳಿ.

ಫಾಲ್ಟ್ ಕೋಡ್ ಓದುವುದು

ಕಂಟ್ರೋಲರ್ ತಾನು ಕಂಡ ತೊಂದರೆಗಳನ್ನು ಕೋಡ್ ಆಗಿ ನೆನಪಿಟ್ಟುಕೊಳ್ಳುತ್ತದೆ. ಬ್ಯಾಟರಿ ಕಳಚುವ ಮೊದಲೇ ಕೋಡ್‌ಗಳನ್ನೆಲ್ಲ ಬರೆದುಕೊಳ್ಳಿ. ಅಳಿಸಿ, ಯಂತ್ರ ಓಡಿಸಿ, ಯಾವುದು ವಾಪಸ್ ಬರುತ್ತದೆ ನೋಡಿ. ವಾಪಸ್ ಬಂದದ್ದೇ ಈಗಿನ ತೊಂದರೆ. ಉಳಿದದ್ದು ಹಳೇ ಕಥೆ ಇರಬಹುದು.

ಜೆ1939 ಪದ್ಧತಿಯ (ಕಂಟ್ರೋಲರ್‌ಗಳು ಮಾತಾಡಿಕೊಳ್ಳುವ ಒಂದು ಸಾಮಾನ್ಯ ಭಾಷೆ) ಯಂತ್ರಗಳಲ್ಲಿ ಕೋಡ್‌ಗೆ ಎರಡು ಭಾಗ. ಎಸ್‌ಪಿಎನ್ ಯಾವ ವಸ್ತು ಅನ್ನುತ್ತದೆ, ಎಫ್‌ಎಂಐ ಅದಕ್ಕೆ ಏನಾಗಿದೆ ಅನ್ನುತ್ತದೆ. ಉದಾಹರಣೆಗೆ ಎಸ್‌ಪಿಎನ್ 191 ಅಂದರೆ ಟ್ರಾನ್ಸ್‌ಮಿಷನ್ ಔಟ್‌ಪುಟ್ ಶಾಫ್ಟ್ ವೇಗ, 177 ಅಂದರೆ ಟ್ರಾನ್ಸ್‌ಮಿಷನ್ ಆಯಿಲ್ ಬಿಸಿ. ಎಫ್‌ಎಂಐನಲ್ಲಿ ಈ ಐದು ಬಾಯಿಪಾಠ ಇರಲಿ. 2 ಅಂದರೆ ಸಿಗ್ನಲ್ ಹಾರಾಡುತ್ತಿದೆ. 3 ಅಂದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಜಾಸ್ತಿ. 4 ಅಂದರೆ ಕಡಿಮೆ. 5 ಅಂದರೆ ಕರೆಂಟ್ ಕಡಿಮೆ ಅಥವಾ ಸರ್ಕ್ಯೂಟ್ ತುಂಡಾಗಿದೆ. 6 ಅಂದರೆ ಕರೆಂಟ್ ಜಾಸ್ತಿ ಅಥವಾ ವೈರ್ ಅರ್ಥ್‌ಗೆ ತಾಗಿದೆ.

ಗಮನಿಸಿ, ಸೊಲೆನಾಯ್ಡ್ ಮೇಲೆ ಎಫ್‌ಎಂಐ 5 ಬಂದರೆ ಸೊಲೆನಾಯ್ಡ್ ಕೆಟ್ಟಿದೆ ಅಂತ ಅರ್ಥವಲ್ಲ. ಕಂಟ್ರೋಲರ್‌ನಿಂದ ಸೊಲೆನಾಯ್ಡ್‌ವರೆಗೆ ಹೋಗಿ ವಾಪಸ್ ಬರುವ ದಾರಿಯಲ್ಲಿ ಎಲ್ಲೋ ತುಂಡಾಗಿದೆ ಅಂತ ಅಷ್ಟೇ. ಆ ದಾರಿಯಲ್ಲಿ ನಾಲ್ಕೈದು ಕನೆಕ್ಟರ್ ಇರಬಹುದು. ಕೋಡ್ ಊರಿನ ಹೆಸರು ಹೇಳುತ್ತದೆ, ಮನೆ ನಂಬರ್ ನೀವೇ ಹುಡುಕಬೇಕು.

ಒಮ್ಮೆಲೇ ಹತ್ತು ಕೋಡ್ ಬಂದರೆ ಹೆದರಬೇಡಿ. ಸಪ್ಲೈ, ಅರ್ಥ್ ಅಥವಾ ಸೆನ್ಸರ್‌ಗಳಿಗೆ ಹೋಗುವ 5 ವೋಲ್ಟ್ ಲೈನ್, ಇವುಗಳಲ್ಲಿ ಒಂದು ಕೈಕೊಟ್ಟರೂ ಹಾಗಾಗುತ್ತದೆ.

ಬ್ಯಾಟರಿ, ಆಮೇಲೆ ಅರ್ಥ್

24 ವೋಲ್ಟ್ ಯಂತ್ರದಲ್ಲಿ ಪೂರ್ತಿ ಚಾರ್ಜ್ ಆದ ಬ್ಯಾಟರಿಗಳು ಸುಮ್ನೆ ಇದ್ದಾಗ 25.2 ವೋಲ್ಟ್‌ಗಿಂತ ಮೇಲಿರಬೇಕು. ಎಂಜಿನ್ ಓಡುವಾಗ 27ರಿಂದ 28.5ರ ಆಸುಪಾಸು. ಬ್ಯಾಟರಿ ಸೊರಗಿದ್ದರೆ ಎಂಜಿನ್ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಕಂಟ್ರೋಲರ್ ಇಲ್ಲದ ಕೋಡ್‌ಗಳನ್ನೆಲ್ಲ ಹುಟ್ಟಿಸುತ್ತದೆ. ಇದನ್ನು ಸರಿ ಮಾಡದೆ ಮುಂದೆ ಹೋದರೆ ದೆವ್ವದ ಬೆನ್ನು ಹತ್ತಿದ ಹಾಗೆ.

ಇನ್ನು ಅರ್ಥ್. ಇಲ್ಲಿ ಸ್ವಲ್ಪ ನಿಧಾನಿಸೋಣ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಅರ್ಥ್ ಸರಿಯಿದೆಯಾ ಅಂತ ನೋಡಲು ಮೀಟರನ್ನು ಬೀಪ್‌ಗೆ ಇಟ್ಟು ಎರಡು ತುದಿ ಮುಟ್ಟಿಸುತ್ತಾರೆ. ಬೀಪ್ ಬಂತು, ಅರ್ಥ್ ಸರಿ ಅನ್ನುತ್ತಾರೆ. ಆದರೆ ಬೀಪ್ ಮಾಡುವಾಗ ಮೀಟರ್ ಹರಿಸುವುದು ಅತಿ ಚಿಕ್ಕ ಕರೆಂಟ್. ಇಪ್ಪತ್ತು ಎಳೆಗಳ ವೈರ್‌ನಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ನಿಜವಾದ ಕರೆಂಟ್ ಹರಿಯುವಾಗ ಆ ಒಂದು ಎಳೆ ಕೈಬಿಡುತ್ತದೆ.

ಅದಕ್ಕೇ ಸರ್ಕ್ಯೂಟ್ ಕೆಲಸ ಮಾಡುತ್ತಿರುವಾಗಲೇ ವೋಲ್ಟೇಜ್ ಡ್ರಾಪ್, ಅಂದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್ ಅಳೆಯಬೇಕು. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಕಪ್ಪು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೇ ಇಡಿ, ಕ್ಲ್ಯಾಂಪ್ ಮೇಲೆ ಬೇಡ. ಕೆಂಪು ತುದಿಯನ್ನು ಕಂಟ್ರೋಲರ್‌ನ ಅರ್ಥ್ ಪಿನ್‌ಗೆ ಹಿಂದಿನಿಂದ ತಾಗಿಸಿ. ಕೀ ಆನ್ ಮಾಡಿ ಲೋಡ್ ಹಾಕಿ, ಅಂದರೆ ಆ ದಾರಿಯಲ್ಲಿ ಕರೆಂಟ್ ಹರಿಯುವಂತೆ ಮಾಡಿ. 0.1, 0.2 ವೋಲ್ಟ್ ತೋರಿಸಿದರೆ ಪರವಾಗಿಲ್ಲ. ಅರ್ಧ ವೋಲ್ಟ್ ದಾಟಿದರೆ ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ. ಬ್ಯಾಟರಿ ಕಂಬದಿಂದ ಕ್ಲ್ಯಾಂಪ್‌ಗೆ, ಕ್ಲ್ಯಾಂಪ್‌ನಿಂದ ಫ್ರೇಮ್ ಬೋಲ್ಟ್‌ಗೆ, ಅಲ್ಲಿಂದ ಮುಂದಕ್ಕೆ, ಒಂದೊಂದೇ ಹೆಜ್ಜೆ ಅಳೆಯಿರಿ. ವೋಲ್ಟೇಜ್ ಯಾವ ಹೆಜ್ಜೆಯಲ್ಲಿ ಹಾರುತ್ತದೋ ತುಕ್ಕು ಅಲ್ಲೇ ಇದೆ. ಪೇಂಟ್ ಮೇಲೆ ಬಿಗಿದ ಅರ್ಥ್ ಬೋಲ್ಟ್‌ಗಳು ನನಗೆ ಲೆಕ್ಕವಿಲ್ಲದಷ್ಟು ಸಿಕ್ಕಿವೆ. ಪಾಲಿಶ್ ಪೇಪರ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಆಮೇಲೆ ಹೊರಗಿನಿಂದ ಬಣ್ಣ ಹಚ್ಚಿ.

ಪಾಸಿಟಿವ್ ಕಡೆಗೂ ಇದೇ ವಿಧಾನ. ಕೆಂಪು ತುದಿ ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಕಪ್ಪು ತುದಿ ಕಂಟ್ರೋಲರ್‌ನ ಸಪ್ಲೈ ಪಿನ್‌ಗೆ.

ಕನೆಕ್ಟರ್ ಮತ್ತು ಬಲ್ಬ್

ಕನೆಕ್ಟರ್ ಬಿಚ್ಚುವಾಗ ಕೀ ಆಫ್. ಒಳಗೆ ನೀರು, ಹಸಿರು ಕಿಲುಬು, ಬಾಗಿದ ಪಿನ್, ಹಿಂದಕ್ಕೆ ಜಾರಿದ ಪಿನ್ ಇದೆಯಾ ನೋಡಿ. ಹೊರಗಿನಿಂದ ಕ್ಲಿಕ್ ಅಂತ ಕೂತಂತೆ ಕಂಡರೂ ಒಳಗೆ ಒಂದು ಪಿನ್ ಮುಟ್ಟದೇ ಇರಬಹುದು. ಅದೇ ಅಳತೆಯ ಒಂದು ಬಿಡಿ ಗಂಡು ಪಿನ್ ತೆಗೆದುಕೊಂಡು ಹೆಣ್ಣು ಪಿನ್‌ಗಳಿಗೆ ಒಂದೊಂದಾಗಿ ಹಾಕಿ ಎಳೆಯಿರಿ. ಎಲ್ಲ ಕಡೆ ಒಂದೇ ಬಿಗಿ ಇರಬೇಕು. ಒಂದು ಸಡಿಲ ಅನಿಸಿದರೆ ಹಿಂದೆ ಯಾರೋ ದಪ್ಪ ಮೀಟರ್ ತುದಿ ತುರುಕಿ ಅದನ್ನು ಅಗಲ ಮಾಡಿದ್ದಾರೆ. ನೀವೂ ಹಾಗೆ ಮಾಡಬೇಡಿ. ವೈರ್‌ನ ಸಿಪ್ಪೆಗೆ ಸೂಜಿ ಚುಚ್ಚಿ ಅಳೆಯುವುದೂ ಬೇಡ. ಆ ತೂತಿನಿಂದ ನೀರು ಒಳಗೆ ಹೋಗಿ ಆರು ತಿಂಗಳಲ್ಲಿ ಹೊಸ ಕೆಲಸ ತಂದುಕೊಡುತ್ತದೆ.

ವೈರ್ ಮೇಲೆ ಅನುಮಾನ ಇದ್ದರೆ ಬಲ್ಬ್ ತೆಗೆಯಿರಿ. ಕಂಟ್ರೋಲರ್ ಕಡೆ ಮತ್ತು ಸೊಲೆನಾಯ್ಡ್ ಕಡೆ, ಎರಡೂ ಕನೆಕ್ಟರ್ ಬಿಚ್ಚಿ. ವೈರ್‌ನ ಒಂದು ತುದಿಗೆ ಫ್ಯೂಸ್ ಮೂಲಕ ಬ್ಯಾಟರಿಯ ಪಾಸಿಟಿವ್ ಕೊಡಿ. ಇನ್ನೊಂದು ತುದಿಯಿಂದ ಬಲ್ಬ್, ಬಲ್ಬ್‌ನಿಂದ ನೆಗೆಟಿವ್. 24 ವೋಲ್ಟ್‌ನ 21 ವಾಟ್ ಬಲ್ಬ್ ಸುಮಾರು 0.9 ಆಂಪಿಯರ್ ಎಳೆಯುತ್ತದೆ, ಹೆಚ್ಚುಕಡಿಮೆ ಒಂದು ಸೊಲೆನಾಯ್ಡ್ ಎಳೆಯುವಷ್ಟೇ. ಬಲ್ಬ್ ಪೂರ್ತಿ ಬೆಳಗಿದರೆ ವೈರ್ ಗಟ್ಟಿ. ಮಂಕಾದರೆ ವೈರ್ ಒಳಗೊಳಗೇ ಸವೆದಿದೆ. ಬಲ್ಬ್ ಉರಿಯುವಾಗಲೇ ಹಾರ್ನೆಸ್ ಉದ್ದಕ್ಕೂ ಅಲುಗಾಡಿಸಿ, ಎಲ್ಲಿ ಮಿಣುಕುತ್ತದೆ ನೋಡಿ. ಕಂಟ್ರೋಲರ್ ಜೋಡಿಸಿರುವಾಗ ಮಾತ್ರ ಈ ಪ್ರಯೋಗ ಬೇಡ, ಒಳಗಿನ ಸರ್ಕ್ಯೂಟ್ ಸುಟ್ಟೀತು.

ಫ್ಯೂಸ್ ಪದೇ ಪದೇ ಹಾರುತ್ತಿದ್ದರೂ ಇದೇ ಬಲ್ಬ್ ಸಾಕು. ಫ್ಯೂಸ್ ಜಾಗದಲ್ಲಿ ಬಲ್ಬ್ ಹಾಕಿ. ಶಾರ್ಟ್ ಇದ್ದರೆ ಅದು ಜೋರಾಗಿ ಉರಿಯುತ್ತದೆ, ಬೇರೇನೂ ಸುಡುವುದಿಲ್ಲ. ಆ ಸಾಲಿನ ಕನೆಕ್ಟರ್‌ಗಳನ್ನು ಒಂದೊಂದಾಗಿ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ ಬೆಳಕು ಬಿದ್ದುಹೋಗುತ್ತದೋ ಶಾರ್ಟ್ ಅದರ ಆಚೆ ಇದೆ. ಫ್ಯೂಸ್ ಹಾರುತ್ತದೆ ಅಂತ ದೊಡ್ಡ ಫ್ಯೂಸ್ ಹಾಕಿದರೆ ಹಾರ್ನೆಸ್ಸೇ ಫ್ಯೂಸ್ ಆಗುತ್ತದೆ.

ಸೊಲೆನಾಯ್ಡ್

ಕನೆಕ್ಟರ್ ಕಳಚಿ ಎರಡು ಪಿನ್‌ಗಳ ನಡುವೆ ಓಮ್ ಅಳೆಯಿರಿ. ಎಷ್ಟಿರಬೇಕು ಅನ್ನುವುದು ಮಾಡೆಲ್ ಮೇಲೆ ಹೋಗುತ್ತದೆ, ಮ್ಯಾನ್ಯುಯಲ್ ನೋಡಬೇಕು. ಮ್ಯಾನ್ಯುಯಲ್ ಕೈಗೆ ಸಿಗದಿದ್ದರೆ ಪಕ್ಕದ ಅದೇ ಥರದ ಸೊಲೆನಾಯ್ಡ್‌ಗಳನ್ನೂ ಅಳೆದು ಹೋಲಿಸಿ. ನಾಲ್ಕು ಒಂದೇ ಥರ ಇದ್ದು ಒಂದು ಬೇರೆ ಇದ್ದರೆ ಅದೇ ಕಳ್ಳ. ಪ್ರತಿ ಪಿನ್‌ನಿಂದ ಸೊಲೆನಾಯ್ಡ್‌ನ ಕವಚಕ್ಕೂ ಅಳೆಯಿರಿ, ಅಲ್ಲಿ ಸಂಪರ್ಕ ಇರಬಾರದು.

ಬಿಸಿಯಾದಾಗ ಓಮ್ ಏರುವುದು ಸಹಜ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ 0.4ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 20 ಓಮ್ ಇದ್ದ ಕಾಯಿಲ್ 100 ಡಿಗ್ರಿಯಲ್ಲಿ 26 ಓಮ್ ದಾಟುತ್ತದೆ. ಬಿಸಿ ಯಂತ್ರದಲ್ಲಿ ಅಳೆದು "ಜಾಸ್ತಿ ಬಂತು, ಕೆಟ್ಟಿದೆ" ಅನ್ನಬೇಡಿ.

ಎರಡು ಒಂದೇ ಪಾರ್ಟ್ ನಂಬರಿನ ಸೊಲೆನಾಯ್ಡ್ ಇದ್ದರೆ ಅದಲು ಬದಲು ಮಾಡುವುದು ಒಳ್ಳೆಯ ಉಪಾಯ. ತೊಂದರೆ ಸೊಲೆನಾಯ್ಡ್ ಜೊತೆಗೇ ಹೋದರೆ ಸೊಲೆನಾಯ್ಡ್ ತಪ್ಪು. ಹಳೇ ಜಾಗದಲ್ಲೇ ಉಳಿದರೆ ವೈರ್, ಕಂಟ್ರೋಲರ್ ಅಥವಾ ಒಳಗಿನ ಕ್ಲಚ್. ಬಿಚ್ಚುವ ಮೊದಲು ಸುತ್ತಲಿನ ಮಣ್ಣು ಒರೆಸಿ. ವಾಲ್ವ್ ಒಳಗೆ ಹೋದ ಒಂದು ಕಾಳು ಮರಳು ಹೊಸ ರೋಗ ತರುತ್ತದೆ.

ಕ್ಲಚ್ ನಿಧಾನವಾಗಿ ಹಿಡಿಯುವಂತೆ ಮಾಡುವ ಪ್ರಪೋರ್ಷನಲ್ ಸೊಲೆನಾಯ್ಡ್‌ಗಳಿಗೆ ಕಂಟ್ರೋಲರ್ ಕರೆಂಟನ್ನು ಆನ್ ಆಫ್ ಆನ್ ಆಫ್ ಅಂತ ವೇಗವಾಗಿ ಮಿಡಿಸುತ್ತದೆ. ಅಲ್ಲಿ ಮೀಟರ್ 9 ಅಥವಾ 11 ವೋಲ್ಟ್ ಅಂತ ಸರಾಸರಿ ತೋರಿಸಿದರೆ ಗಾಬರಿ ಬೇಡ. ವೋಲ್ಟ್ ಬಿಟ್ಟು ಚಿಕ್ಕ ಕರೆಂಟ್ ಓದಬಲ್ಲ ಡಿಸಿ ಕ್ಲ್ಯಾಂಪ್ ಮೀಟರ್‌ನಿಂದ ಆಂಪಿಯರ್ ನೋಡಿ.

ಸೆನ್ಸರ್ ಮತ್ತು ಕ್ಯಾನ್ ಲೈನ್

ಎರಡು ವೈರ್‌ನ ವೇಗದ ಸೆನ್ಸರ್ ಸಾಮಾನ್ಯವಾಗಿ ಮ್ಯಾಗ್ನೆಟ್ ಮತ್ತು ಕಾಯಿಲ್. ಓಮ್ ಅಳೆಯಬಹುದು, ಶಾಫ್ಟ್ ತಿರುಗುವಾಗ ಎಸಿ ವೋಲ್ಟೇಜ್ ಹುಟ್ಟುತ್ತದೆ, ವೇಗ ಏರಿದಂತೆ ಅದೂ ಏರುತ್ತದೆ. ಬಿಚ್ಚಿ ನೋಡಿದರೆ ತುದಿಗೆ ಕಬ್ಬಿಣದ ಪುಡಿ ಗಡ್ಡದ ಹಾಗೆ ಅಂಟಿರಬಹುದು, ಒರೆಸಿ. ಹಾಗೆ ಜಾಸ್ತಿ ಪುಡಿ ಸಿಕ್ಕರೆ ಅದು ಎಲ್ಲಿಂದ ಬಂತು ಅನ್ನುವುದು ಬೇರೆ ಚಿಂತೆ. ಮೂರು ವೈರ್ ಇದ್ದರೆ ಹೆಚ್ಚಾಗಿ ಹಾಲ್ ಸೆನ್ಸರ್, ಅಂದರೆ ಒಳಗೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವಂಥದ್ದು. ಅದಕ್ಕೆ ಓಮ್ ಹಿಡಿಯಬೇಡಿ. ಸಪ್ಲೈ ಇದೆಯಾ, ಅರ್ಥ್ ಇದೆಯಾ, ಶಾಫ್ಟ್ ನಿಧಾನ ತಿರುಗಿಸಿದಾಗ ಸಿಗ್ನಲ್ ಮೇಲೆ ಕೆಳಗೆ ಹೋಗುತ್ತದೆಯಾ ಅಷ್ಟೇ ನೋಡಿ.

5 ವೋಲ್ಟ್ ಲೈನ್‌ನಲ್ಲಿ 1 ಅಥವಾ 2 ವೋಲ್ಟ್ ಮಾತ್ರ ಇದ್ದರೆ ಅದರ ಮೇಲಿರುವ ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚಿ. ಒಂದನ್ನು ಕಳಚಿದ ಕೂಡಲೇ 5ಕ್ಕೆ ಏರಿದರೆ ಎಲ್ಲರನ್ನೂ ಕೆಳಗೆ ಎಳೆಯುತ್ತಿದ್ದವನು ಅವನೇ. ಎಲ್ಲ ಕಳಚಿದರೂ ಏರದಿದ್ದರೆ ವೈರ್ ನೋಡಿ.

ಕಂಟ್ರೋಲರ್‌ಗಳು ಒಂದಕ್ಕೊಂದು ಮಾತಾಡುವ ಕ್ಯಾನ್ ಲೈನ್‌ಗೆ ಎರಡು ತುದಿಯಲ್ಲೂ 120 ಓಮ್‌ನ ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಕಳಚಿ ಕ್ಯಾನ್ ಹೈ ಮತ್ತು ಕ್ಯಾನ್ ಲೋ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. ಒಂಬತ್ತು ಪಿನ್‌ನ ಡಯಾಗ್ನಾಸ್ಟಿಕ್ ಸಾಕೆಟ್‌ನಲ್ಲಿ ಇವು ಸಿ ಮತ್ತು ಡಿ ಪಿನ್. 120 ಬಂದರೆ ಒಂದು ರೆಸಿಸ್ಟರ್ ಇಲ್ಲ ಅಥವಾ ಲೈನ್ ತುಂಡಾಗಿದೆ. 40 ಬಂದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಸೊನ್ನೆಯ ಹತ್ತಿರ ಬಂದರೆ ಎರಡೂ ವೈರ್ ಒಂದಕ್ಕೊಂದು ತಾಗಿವೆ. ಈ ಜೋಡಿ ವೈರನ್ನು ರಿಪೇರಿ ಮಾಡಿದರೆ ಅದರ ತಿರುಚು ಮೊದಲಿನ ಹಾಗೇ ಇರಲಿ, ತಿರುಚು ಇರುವುದೇ ಹೊರಗಿನ ವಿದ್ಯುತ್ ಗಲಾಟೆ ತಡೆಯಲು.

ಬಂದು ಹೋಗುವ ತೊಂದರೆ

ಇದೇ ಎಲ್ಲಕ್ಕಿಂತ ಕಷ್ಟ. ಒಂದು ಲೋಡರ್ ಮಧ್ಯಾಹ್ನ ಮಾತ್ರ ನ್ಯೂಟ್ರಲ್‌ಗೆ ಬೀಳುತ್ತಿತ್ತು. ನನಗಿಂತ ಮೊದಲು ಬಂದವರು ಸೊಲೆನಾಯ್ಡ್ ಬದಲಿಸಿದ್ದರು, ಕಂಟ್ರೋಲರೂ ಬದಲಿಸಿದ್ದರು. ಮಧ್ಯಾಹ್ನ ಅಂದರೆ ಬಿಸಿ ಅಲ್ವಾ, ನಾನೂ ಹಾಗೇ ಅಂದುಕೊಂಡೆ. ಹೇರ್ ಡ್ರೈಯರ್ ಹಿಡಿದು ಕಾಯಿಲ್, ಕನೆಕ್ಟರ್ ಎಲ್ಲ ಕಾಯಿಸುತ್ತಾ ಅರ್ಧ ದಿನ ಕಳೆದೆ. ಏನೂ ಆಗಲಿಲ್ಲ.

ಊಟಕ್ಕೆ ಕೂತಾಗ ಆಪರೇಟರ್ ಸುಮ್ನೆ ಮಾತಿಗೆ ಹೇಳಿದರು: "ಮಧ್ಯಾಹ್ನದ ಮೇಲೆ ಲಾರಿಗಳು ಆ ಕಡೆ ನಿಲ್ತಾವೆ ಸಾರ್, ಎಡಕ್ಕೇ ತಿರುಗಿಸಿ ತಿರುಗಿಸಿ ಕೈ ನೋಯ್ತದೆ." ಬಿಸಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಮೀಟರ್‌ಗೆ ಉದ್ದದ ವೈರ್ ಕಟ್ಟಿ ಕ್ಯಾಬಿನ್ ಒಳಗೆ ತಂದು, ಕನಿಷ್ಠ, ಗರಿಷ್ಠ ಅಂಕಿ ನೆನಪಿಡುವ ಮಿನ್ ಮ್ಯಾಕ್ಸ್ ಬಟನ್ ಒತ್ತಿ, ಕೀಲಿನ ಲಾಕ್ ತೆಗೆದು ಪೂರ್ತಿ ಎಡಕ್ಕೆ ತಿರುಗಿಸಿದೆವು. ಸಪ್ಲೈ ವೋಲ್ಟೇಜ್ ಒಂದು ಕ್ಷಣ ಸೊನ್ನೆಗೆ ಬಿದ್ದು ವಾಪಸ್ ಬಂತು. ಕೀಲಿನ ಹತ್ತಿರ ಹಾರ್ನೆಸ್ಸನ್ನು ಬಿಗಿಯಾಗಿ ಕಟ್ಟಿದ್ದರು. ಹೊರಗಿನ ಸಿಪ್ಪೆ ಹೊಚ್ಚ ಹೊಸದರಂತೆ, ಒಳಗೆ ತಾಮ್ರ ತುಂಡು. ಯಂತ್ರ ನೇರ ನಿಂತಾಗ ತುದಿಗಳು ಮುಟ್ಟುತ್ತಿದ್ದವು, ಎಡಕ್ಕೆ ಬಾಗಿದಾಗ ದೂರವಾಗುತ್ತಿದ್ದವು.

ಆದ್ದರಿಂದ ಬಂದು ಹೋಗುವ ತೊಂದರೆ ಇದ್ದರೆ ಅದು ಬರುವ ಸ್ಥಿತಿಯನ್ನೇ ಮತ್ತೆ ತನ್ನಿ. ಅಲುಗಿಸಿ, ಬಾಗಿಸಿ, ಬಿಸಿ ಮಾಡಿ, ನೀರು ಚಿಮುಕಿಸಿ, ಮೀಟರ್ ಕಣ್ಣೆದುರಿಗಿರಲಿ. ಕೀಲನ್ನು ತಿರುಗಿಸುವ ಪರೀಕ್ಷೆಯಲ್ಲಿ ಅದರ ಹತ್ತಿರ ಯಾರೂ ನಿಲ್ಲಬಾರದು. ಕೀಲು, ಕ್ಯಾಬಿನ್ ತಳ, ಟ್ರಾನ್ಸ್‌ಮಿಷನ್ ಮೇಲ್ಭಾಗ, ಬ್ಯಾಟರಿ ಪೆಟ್ಟಿಗೆ ಸುತ್ತ, ಹಾರ್ನೆಸ್ ಸವೆಯುವುದು ಹೆಚ್ಚಾಗಿ ಈ ನಾಲ್ಕು ಕಡೆ. ಯಂತ್ರ ತಿಂಗಳುಗಟ್ಟಲೆ ನಿಂತಿದ್ದರೆ ಇಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊನೆಗೆ ಕಂಟ್ರೋಲರ್

ಸಪ್ಲೈ ಸರಿ, ಅರ್ಥ್ ಸರಿ, ಲಿವರ್ ಮತ್ತು ಸೆನ್ಸರ್‌ಗಳ ಸಿಗ್ನಲ್ ಪಿನ್‌ವರೆಗೂ ಬರುತ್ತಿದೆ, ಕ್ಯಾನ್ ಸರಿ, ಹೊರಗೆ ಹೋಗುವ ವೈರ್ ಬಲ್ಬ್ ಪರೀಕ್ಷೆಯಲ್ಲಿ ಪಾಸು, ಸೊಲೆನಾಯ್ಡ್ ಸರಿ, ಬ್ರೇಕ್ ಸ್ವಿಚ್‌ನಂಥ ಅಡ್ಡಿಯೂ ಇಲ್ಲ. ಇಷ್ಟೆಲ್ಲ ಆಗಿಯೂ ಕಂಟ್ರೋಲರ್ ಔಟ್‌ಪುಟ್ ಕೊಡುತ್ತಿಲ್ಲ ಅಂದರೆ ಆಗ ಅದರ ಮೇಲೆ ಕೈ ತೋರಿಸಿ. ಹೊಸದು ಹಾಕುವ ಮೊದಲು ಹಳೆಯದು ಯಾಕೆ ಸತ್ತಿತು ನೋಡಿ. ಶಾರ್ಟ್ ಆದ ಸೊಲೆನಾಯ್ಡ್ ಹಾಗೇ ಇದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ವೆಲ್ಡಿಂಗ್ ಮಾಡುವಾಗ ಬ್ಯಾಟರಿ ನೆಗೆಟಿವ್ ಮತ್ತು ಕಂಟ್ರೋಲರ್ ಕನೆಕ್ಟರ್ ಕಳಚಿರಲಿಲ್ಲವಾ ಕೇಳಿ. ಹೊಸ ಕಂಟ್ರೋಲರ್‌ಗೆ ಆ ಯಂತ್ರದ ಪ್ರೋಗ್ರಾಂ ಬೇಕು. ಕಂಟ್ರೋಲರ್ ಅಥವಾ ಕ್ಲಚ್ ಸೊಲೆನಾಯ್ಡ್ ಬದಲಿಸಿದ ಮೇಲೆ ಅನೇಕ ಯಂತ್ರಗಳಲ್ಲಿ ಕ್ಲಚ್ ಕ್ಯಾಲಿಬ್ರೇಷನ್ (ಕ್ಲಚ್ ಹಿಡಿಯುವ ಹದವನ್ನು ಕಂಟ್ರೋಲರ್‌ಗೆ ಕಲಿಸುವುದು) ಮಾಡಬೇಕಾಗುತ್ತದೆ. ಅದನ್ನು ಬಿಟ್ಟರೆ ಗೇರ್ ಬೀಳುವಾಗ ಯಂತ್ರ ಕತ್ತೆಯ ಹಾಗೆ ಒದೆಯುತ್ತದೆ.

ತುಂಡಾದ ವೈರನ್ನು ಜೋಡಿಸುವಾಗ ಅದೇ ದಪ್ಪದ ವೈರ್, ಸರಿಯಾದ ಕ್ರಿಂಪ್, ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್. ಬರೀ ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟರೆ ಮಳೆಗಾಲದಲ್ಲಿ ಮತ್ತೆ ಫೋನ್ ಬರುತ್ತದೆ. ಕೀಲಿನ ಹತ್ತಿರ ಸ್ವಲ್ಪ ಸಡಿಲ ಬಿಟ್ಟು ಕಟ್ಟಿ. ಕೋಡ್‌ಗಳನ್ನು ಅಳಿಸಿ, ಆಯಿಲ್ ಪೂರ್ತಿ ಬಿಸಿಯಾಗುವವರೆಗೆ ಎಲ್ಲ ಗೇರ್‌ನಲ್ಲೂ ಓಡಿಸಿ, ಕೋಡ್ ಇನ್ನೊಮ್ಮೆ ಓದಿ. ತೊಂದರೆ ಸಿಕ್ಕ ಜಾಗವನ್ನು ಡಯಾಗ್ರಾಂ ಮೇಲೆ ತಾರೀಕಿನ ಸಮೇತ ಪೆನ್ನಿನಲ್ಲಿ ಗುರುತು ಹಾಕಿ ಕ್ಯಾಬಿನ್‌ನಲ್ಲೇ ಇಡಿ.